ಮುಂಬಯಿಯಲ್ಲಿ ಕುಳಿತು ಕನ್ನಡ ನಾಡಿನ ಕಡತ ಓದುವುದು

(ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯರೆ,

ಬ್ಯಾಂಕಿನ ನೌಕರಿಯಿಂದ ಸ್ವಯಂನಿವೃತ್ತಿ ಪಡೆದ ಮರುತಿಂಗಳು ನಾನು ಮೊದಲ ಬಾರಿಗೆ ಒಂದು ಪತ್ರಾಗಾರದ ಮೆಟ್ಟಿಲು ಹತ್ತಿದೆ. ಮೇಜಿನ ಆಚೆ ಕುಳಿತಿದ್ದವರು ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಸಂಸ್ಥೆಯವರು?" ಎಂಬುದು. ಯಾವ ಸಂಸ್ಥೆಯವನೂ ಅಲ್ಲ, ಧಾರವಾಡ ಜಿಲ್ಲೆಯ ಹಳೆಯ ಕಡತಗಳನ್ನು ಓದಬೇಕೆಂದು ಬಂದಿದ್ದೇನೆ ಎಂದೆ. ಕಾಲೇಜಿನದೋ ವಿಶ್ವವಿದ್ಯಾಲಯದ್ದೋ ಪರಿಚಯ ಪತ್ರ ತರದೆ ಒಳಗೆ ಬಿಡಲಾಗದು ಎಂದು ಅವರು ಸೌಜನ್ಯದಿಂದಲೇ ಹೇಳಿದರು. ಪರಿಚಯದ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನು ಹುಡುಕಿ, ಅವರ ಕೈಯಲ್ಲಿ ಒಂದು ಪತ್ರ ಬರೆಸಿಕೊಂಡು ಮತ್ತೆ ಅದೇ ಮೆಟ್ಟಿಲು ಹತ್ತುವ ಹೊತ್ತಿಗೆ ಏಳು ವಾರಗಳು ಕಳೆದಿದ್ದವು.

ಸ್ವತಂತ್ರ ಇತಿಹಾಸಕಾರ ಎಂಬ ಮಾತು ಕೇಳಲು ಚೆನ್ನಾಗಿದೆ. ದಿನದಿನದ ಕೆಲಸದಲ್ಲಿ ಅದರ ಅರ್ಥವಿಷ್ಟು: ತಿಂಗಳ ಸಂಬಳವಿಲ್ಲ, ಗ್ರಂಥಾಲಯದ ಚಂದಾ ಕೈಯಿಂದ ಕಟ್ಟಬೇಕು, ಪ್ರವಾಸಕ್ಕೆ ಅನುದಾನವಿಲ್ಲ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಬರೆದದ್ದನ್ನು ಅಚ್ಚಿಗೆ ಹೋಗುವ ಮೊದಲು ಓದಿ "ಇದು ತಪ್ಪು" ಎಂದು ಹೇಳುವ ಸಹೋದ್ಯೋಗಿಗಳಿಲ್ಲ. ಓದುಗರು ನನ್ನನ್ನು ನಂಬಲು ನನ್ನ ಹೆಸರಿನ ಮುಂದೆ ಹುದ್ದೆಯೊಂದೂ ಇಲ್ಲದಿರುವುದರಿಂದ, ಪ್ರತಿ ಸಂಗತಿಯನ್ನೂ ಎಲ್ಲಿಂದ ತಂದೆ ಎಂಬ ಗುರುತನ್ನು ಅವರ ಕೈಗೆ ಕೊಡುವುದೊಂದೇ ನನಗಿರುವ ದಾರಿ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ ಗುರುತಿನ ಬಗ್ಗೆಯೇ.

ಕನ್ನಡ ನಾಡಿನ ಇತಿಹಾಸವನ್ನು ಮುಂಬಯಿಯಲ್ಲಿ ಕುಳಿತು ಏಕೆ ಬರೆಯುತ್ತೀರಿ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವೆಂಬುದು ನಿಮಗೆಲ್ಲ ಗೊತ್ತಿದೆ. ಉತ್ತರ ಕನ್ನಡ ಮೊದಲು ಮದ್ರಾಸಿನ ಕೈಯಲ್ಲಿತ್ತು. 1862ರಲ್ಲಿ ಅದನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಅದರ ಹಿಂದೆ ಹತ್ತಿಯ ವ್ಯಾಪಾರದ ಒತ್ತಾಯವಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡದ ಕಪ್ಪು ನೆಲದ ಹತ್ತಿಗೆ ಬೇಡಿಕೆ ಏರಿತು. ಘಟ್ಟ ಇಳಿದು ಬರುವ ಆ ಸರಕಿಗೆ ಕಾರವಾರದಲ್ಲಿ ಒಳ್ಳೆಯ ಬಂದರು ಬೇಕೆಂದು ಇಲ್ಲಿನ ವರ್ತಕರು ಬಯಸಿದ್ದರು. ಆ ಹತ್ತಿ ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದ ಕಾರಣ ಮುಂಬಯಿ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರೇ ಬಿದ್ದಿತ್ತು. 1956ರ ನವೆಂಬರ್ 1ರಂದು ಈ ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ಸಚಿವಾಲಯದಲ್ಲಿ ನೂರಕ್ಕೂ ಹೆಚ್ಚು ವರ್ಷ ಬೆಳೆದುಬಂದಿದ್ದ ಕಡತಗಳು ಇಲ್ಲಿಯೇ ಉಳಿದವು. ಯಾವ ಊರಿನ ಕೆರೆ ಯಾವ ವರ್ಷ ಒಡೆಯಿತು, ಯಾವ ಕನ್ನಡ ಶಾಲೆಗೆ ಎಷ್ಟು ಹಣ ಮಂಜೂರಾಯಿತು, ಕಂದಾಯ ಇಳಿಸಬೇಕೆಂದು ಯಾವ ಹಳ್ಳಿಯವರು ಅರ್ಜಿ ಕೊಟ್ಟರು ಎಂಬುದನ್ನು ತಿಳಿಯಬೇಕಾದರೆ, 1821ರಲ್ಲಿ ಸ್ಥಾಪನೆಯಾದ ಇಲ್ಲಿನ ಪತ್ರಾಗಾರಕ್ಕೇ ಬರಬೇಕು. ಹುಬ್ಬಳ್ಳಿಯ ಸಂಶೋಧಕರು ಇದಕ್ಕಾಗಿ ರಾತ್ರಿಯಿಡೀ ಪ್ರಯಾಣ ಮಾಡಿ, ವಸತಿಗೃಹದ ಬಾಡಿಗೆ ತೆತ್ತು ನಾಲ್ಕು ದಿನ ಓದಿ ಹಿಂದಿರುಗುತ್ತಾರೆ. ಡೊಂಬಿವಲಿಯಲ್ಲಿ ವಾಸವಾಗಿರುವ ನನಗೆ ಲೋಕಲ್ ರೈಲಿನ ಪಾಸು ಸಾಕು. ಈ ಅನುಕೂಲವನ್ನು ನಾನು ಒಂದು ಹೊಣೆಯೆಂದು ತಿಳಿದಿದ್ದೇನೆ.

ಕಾಲಾ ಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಆ ಪತ್ರಾಗಾರದಲ್ಲಿ ನಾನು ಕಳೆದ ದಿನಗಳ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಪೆನ್ನು ಒಳಗೆ ತರುವಂತಿಲ್ಲ, ಪೆನ್ಸಿಲ್ ಮಾತ್ರ. ಮೊದಲು ಸೂಚಿ ನೋಡಬೇಕು. ಅಲ್ಲಿ ಊರಿನ ಹೆಸರನ್ನು ನಾವು ಬರೆಯುವಂತೆ ಹುಡುಕಿದರೆ ಏನೂ ಸಿಗುವುದಿಲ್ಲ. ಹೊನ್ನಾವರ 'ಓನೋರ್' ಆಗಿರುತ್ತದೆ, ಭಟ್ಕಳ 'ಬಟಿಕಲಾ', ಬಸರೂರು 'ಬಾರ್ಸೆಲೋರ್', ಸೋದೆ 'ಸೂಂದಾ'. ಹೊಸ ಕಾಗುಣಿತ ಕಂಡಾಗಲೆಲ್ಲ ಒಂದು ಪುಟ್ಟ ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತ ಬಂದಿದ್ದೇನೆ. ನನ್ನಲ್ಲಿರುವ ಪುಸ್ತಕಗಳಲ್ಲೆಲ್ಲ ಹೆಚ್ಚು ಬಳಕೆಯಾಗಿರುವುದು ಆ ವಹಿಯೇ. ಬೇಡಿಕೆ ಚೀಟಿ ಕೊಟ್ಟ ಮೇಲೆ ಕಡತ ಬರಲು ಒಂದು ಗಂಟೆಯಾಗಬಹುದು, ಮರುದಿನವೂ ಆಗಬಹುದು. ಬಂದಾಗ ಅದು ಬಹಳ ಸಲ ಅಂಗೈಯಗಲದ ಬೆನ್ನಿರುವ ದಪ್ಪ ಸಂಪುಟ. ಹಳೆಯ ಶಾಯಿ ಕೆಲವು ಕಡೆ ಕಾಗದವನ್ನೇ ಸುಟ್ಟಂತೆ ತಿಂದಿರುತ್ತದೆ. ಅಕ್ಷರವಿದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತು ಉಳಿದು, ಹಿಂದಿನ ಪುಟದ ಬರಹ ಅದರೊಳಗಿಂದ ಇಣುಕುತ್ತದೆ. ಅಂಥ ಪುಟದ ಕೆಳಗೆ ಒಂದು ಬಿಳಿ ಹಾಳೆಯನ್ನು ಮೆಲ್ಲಗೆ ಸರಿಸಿದರೆ ತೂತುಗಳು ಮತ್ತೆ ಅಕ್ಷರಗಳಾಗಿ ಕಾಣುತ್ತವೆ. ಇದನ್ನು ನನಗೆ ಹೇಳಿಕೊಟ್ಟವರು ಅಲ್ಲಿ ಕಡತ ತಂದುಕೊಡುತ್ತಿದ್ದ ಸಿಬ್ಬಂದಿಯೊಬ್ಬರು.

ಟಿಪ್ಪಣಿ ಬರೆಯುವಾಗ ಮೊದಲ ಸಾಲಿನಲ್ಲಿಯೇ ವಿಭಾಗ, ವರ್ಷ, ಸಂಪುಟದ ಸಂಖ್ಯೆ, ಕಂಪೈಲೇಶನ್ (ಒಂದೇ ವಿಷಯದ ಕಾಗದಗಳ ಗುಂಪು) ಸಂಖ್ಯೆ, ಪುಟ ಬರೆಯಬೇಕು. ಅದಾದ ಮೇಲೆಯೇ ವಿಷಯ. ಈ ಕ್ರಮವನ್ನು ನಾನು ಕಲಿತದ್ದು ನಷ್ಟದಿಂದ. ಮೊದಲ ವರ್ಷದಲ್ಲಿ, ರೋಣದ ಕಡೆಯ ರೈತರು ಕೊಟ್ಟ ಅರ್ಜಿಯೊಂದರ ಅನುವಾದ ಒಂದು ಕಂದಾಯ ಸಂಪುಟದಲ್ಲಿ ಸಿಕ್ಕಿತು. ಆ ಮಾತುಗಳ ಬಿಸಿಯಲ್ಲಿ ಮೂರು ಪುಟ ನಕಲು ಮಾಡಿಕೊಂಡೆ, ಸಂಪುಟದ ಸಂಖ್ಯೆ ಬರೆಯುವುದನ್ನು ಸಂಜೆಗೆ ಬಿಟ್ಟೆ, ಸಂಜೆ ಮರೆತೆ. ಆ ಅರ್ಜಿಯನ್ನು ಮತ್ತೆ ಹುಡುಕಲು ನನಗೆ ಎರಡು ಮಳೆಗಾಲ ಬೇಕಾಯಿತು. ಅಷ್ಟು ಕಾಲವೂ ಆ ಮೂರು ಪುಟಗಳು ನನ್ನ ಬಳಿಯಿದ್ದವು, ಪ್ರತಿ ಅಕ್ಷರವೂ ಸರಿಯಾಗಿತ್ತು, ಆದರೂ ಅದರಲ್ಲಿ ಒಂದು ವಾಕ್ಯವನ್ನೂ ನಾನು ಲೇಖನದಲ್ಲಿ ಬಳಸಲಿಲ್ಲ. ಓದುಗರು ಹೋಗಿ ನೋಡಲಾಗದ ಸಂಗತಿಯನ್ನು ನನ್ನ ಮಾತಿನ ಮೇಲೆ ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ.

ಮುಂಬಯಿಯ ಇಂಗ್ಲಿಷ್ ಕಡತಗಳು ಅಧಿಕಾರಿಗಳ ಕಣ್ಣಿನಿಂದ ಕಂಡದ್ದು. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಪುಣೆಯ ಪೇಶ್ವೆ ದಫ್ತರಕ್ಕೆ ಹೋಗಬೇಕು, ಅಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬರಬೇಕು. ಪೇಶ್ವೆಯರ ಆಡಳಿತವಿದ್ದ ಕನ್ನಡ ಸೀಮೆಯ ಲೆಕ್ಕಪತ್ರಗಳು ಅಲ್ಲಿ ಬಟ್ಟೆಯ ರುಮಾಲುಗಳಲ್ಲಿ ಕಟ್ಟಿಟ್ಟಿವೆ. ಬೆಳಗಾವಿ, ಧಾರವಾಡದ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿಯೂ ಜಮೀನಿನ ಕಾಗದಗಳು ಮೋಡಿಯಲ್ಲಿಯೇ ಇರುತ್ತವೆ. ಮನೆಯವರಿಗೆ ಓದಲು ಬಾರದು. ನಾನು ಐವತ್ತು ದಾಟಿದ ಮೇಲೆ, ವಾರಕ್ಕೆರಡು ದಿನದ ತರಗತಿಗೆ ಹೋಗಿ ಮೋಡಿ ಕಲಿತೆ. ಪೆನ್ನೆತ್ತದೆ ಬರೆದ ಸಾಲು ಅದು. ಪದ ಎಲ್ಲಿ ಮುಗಿಯಿತೆಂದು ಲಿಪಿ ಹೇಳುವುದಿಲ್ಲ, ಓದುವವರೇ ತಿಳಿದುಕೊಳ್ಳಬೇಕು.

ಆ ಕಾಗದಗಳ ಕಾಲಗಣನೆಯನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. 'ಇಹಿದೆ ಸಿತೈನ್ ಮಯಾ ವ ಅಲಫ್' ಎಂದು ತಲೆಬರಹವಿದೆ ಎಂದುಕೊಳ್ಳಿ. ಇವು ಅರಬ್ಬಿ ಸಂಖ್ಯಾವಾಚಕಗಳು: ಇಹಿದೆ ಎಂದರೆ ಒಂದು, ಸಿತೈನ್ ಅರವತ್ತು, ಮಯಾ ನೂರು, ಅಲಫ್ ಸಾವಿರ. ಒಟ್ಟು 1161. ಇದು ಮರಾಠರ ಕಾಗದಗಳಲ್ಲಿ ಬಳಕೆಯಲ್ಲಿದ್ದ ಶುಹೂರ್ ಸನ್ ಎಂಬ ವರ್ಷಗಣನೆ. ಜೂನ್ ಮೊದಲ ವಾರದ ಹೊತ್ತಿಗೆ, ಮೃಗಶಿರ ಮಳೆ ಹಿಡಿಯುವಾಗ ವರ್ಷ ತಿರುಗುತ್ತದೆ. ಇದಕ್ಕೆ 599 ಕೂಡಿಸಿದರೆ 1760ರ ಜೂನಿನಿಂದ ಡಿಸೆಂಬರ್ ತನಕ. 600 ಕೂಡಿಸಿದರೆ 1761ರ ಜನವರಿಯಿಂದ ಜೂನಿನ ಆರಂಭದ ತನಕ. ಮೂರನೆಯ ಪಾಣಿಪತ ಯುದ್ಧ ನಡೆದ 1761ರ ಜನವರಿ ಈ ವರ್ಷದಲ್ಲಿಯೇ ಬರುತ್ತದೆ. ತಿಂಗಳು ನೋಡದೆ ಕಣ್ಣುಮುಚ್ಚಿ 599 ಕೂಡಿಸಿದವರು ಯುದ್ಧಾನಂತರದ ಕಾಗದವನ್ನು ಯುದ್ಧಕ್ಕೆ ಮೊದಲು ಇಟ್ಟುಬಿಡುತ್ತಾರೆ, ಕಾರಣ ಪರಿಣಾಮವಾಗುತ್ತದೆ, ಪರಿಣಾಮ ಕಾರಣವಾಗುತ್ತದೆ. ಆದ್ದರಿಂದ ನನ್ನ ಟಿಪ್ಪಣಿಯಲ್ಲಿ ನಾನು ಲೆಕ್ಕ ಹಾಕಿದ ಇಸವಿಯ ಪಕ್ಕದಲ್ಲಿ ಮೂಲದ ಪದಗಳನ್ನೂ ಹಾಗೆಯೇ ಬರೆಯುತ್ತೇನೆ. ನಾನು ಕೂಡಿಸಿದ್ದು ತಪ್ಪಾಗಿದ್ದರೆ ಇನ್ನೊಬ್ಬರು ತಿದ್ದಬಹುದು.

ಗೋವೆಯ ಮಾತು ಬಂದರೆ ನನ್ನ ಮಿತಿಯನ್ನು ಹೇಳಲೇಬೇಕು. ಪಣಜಿಯ ಪತ್ರಾಗಾರದ ಪರಂಪರೆ 1595ರಷ್ಟು ಹಿಂದಿನದು. ಕೆಳದಿ ಅರಸರೊಂದಿಗೆ ಮಾಡಿಕೊಂಡ ಒಪ್ಪಂದಗಳು, ಕರಾವಳಿಯ ಬಂದರುಗಳಿಂದ ಹೋಗುತ್ತಿದ್ದ ಅಕ್ಕಿಯ ವ್ಯವಹಾರ, ಎಲ್ಲವೂ ಅಲ್ಲಿನ ಪೋರ್ಚುಗೀಸ್ ದಾಖಲೆಗಳಲ್ಲಿದೆ. ನನಗೆ ಪೋರ್ಚುಗೀಸ್ ಬಾರದು. ಪಾಂಡುರಂಗ ಪಿಸುರ್ಲೇಕರ್ ಅವರಂಥ ವಿದ್ವಾಂಸರು ಸಂಪಾದಿಸಿ ಅಚ್ಚು ಮಾಡಿಸಿದ್ದನ್ನು ಬೇರೆಯವರ ನೆರವಿನಿಂದ ಓದುತ್ತೇನೆ, ಹಾಗೆ ಓದಿದೆನೆಂದು ಅಡಿಟಿಪ್ಪಣಿಯಲ್ಲಿ ಬರೆಯುತ್ತೇನೆ.

ಹುದ್ದೆಯಿಲ್ಲದೆ ಈ ಕೆಲಸ ಮಾಡಿದವರು ನಮ್ಮ ಈ ಭಾಗದಲ್ಲಿ ಬಹಳ ಮಂದಿ ಇದ್ದರು. ವಿ. ಕಾ. ರಾಜವಾಡೆ (1863–1926) ಊರೂರು ಅಲೆದು, ಮನೆಗಳ ಅಟ್ಟದಿಂದ ಕಾಗದಗಳನ್ನು ಇಳಿಸಿ, ಮರಾಠರ ಇತಿಹಾಸದ ಸಾಧನಗಳನ್ನು 22 ಸಂಪುಟಗಳಲ್ಲಿ ಪ್ರಕಟಿಸಿದರು. ಗೋ. ಸ. ಸರದೇಸಾಯಿ ಬಡೋದೆ ಸಂಸ್ಥಾನದ ನೌಕರಿಯಿಂದ ನಿವೃತ್ತರಾಗಿ ಕಾಮಶೇತ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅರವತ್ತು ದಾಟಿದ ಮೇಲೆ ಅವರು ಸಂಪಾದಿಸಿದ ಪೇಶ್ವೆ ದಫ್ತರದ ಆಯ್ದ ಕಾಗದಗಳು 45 ಭಾಗಗಳಾಗಿ ಹೊರಬಂದವು. ನಿವೃತ್ತಿಯ ನಂತರ ಏನು ಮಾಡುವುದು ಎಂದು ಕೇಳುವ ಗೆಳೆಯರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದ ಆಲೂರ ವೆಂಕಟರಾಯರು 'ಕರ್ನಾಟಕ ಗತವೈಭವ'ವನ್ನು 1917ರಲ್ಲಿ ಹೊರತಂದಾಗ ಅವರ ಕಣ್ಣ ಮುಂದೆ ಮಹಾರಾಷ್ಟ್ರದ ಈ ಉತ್ಸಾಹವಿತ್ತು. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆಯ ಪುಸ್ತಕಗಳ ನಡುವೆಯೇ ಕುಳಿತು ಶಾಸನಗಳ ಕಾಲವನ್ನು ನಿರ್ಣಯಿಸಿದರು. ಇವರ ಅನೇಕ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ರಾಜವಾಡೆಯವರ ವಾದಗಳಲ್ಲಿ ಜಾತಿಯ ಅಭಿಮಾನ ಎದ್ದು ಕಾಣುತ್ತದೆ, ಗತವೈಭವದ ಭಾವಾವೇಶ ಇಂದಿನ ಬರವಣಿಗೆಗೆ ಒಗ್ಗದು. ಆದರೆ ರಾಜವಾಡೆ ಅಚ್ಚು ಮಾಡಿದ ಮೂಲ ಕಾಗದಗಳನ್ನು ಅವರ ವಾದಗಳನ್ನು ತಿರಸ್ಕರಿಸುವವರೂ ಇಂದಿಗೂ ಬಳಸುತ್ತಾರೆ. ಮೂಲವನ್ನು ಮೂಲವಾಗಿಯೇ ಮುಂದಿಟ್ಟದ್ದರ ಫಲ ಅದು.

ಇನ್ನು ಹಣದ ಮಾತು. ಮರಾಠಿಯಿಂದ ಕನ್ನಡಕ್ಕೆ ಅನುವಾದ, ಕರಡು ತಿದ್ದುವುದು, ಪತ್ರಿಕೆಗೆ ಅಂಕಣ, ಸಂಘಗಳ ಬೆಳ್ಳಿಹಬ್ಬ, ಚಿನ್ನದ ಹಬ್ಬದ ಸ್ಮರಣ ಸಂಚಿಕೆಗಳಿಗೆ ಇತಿಹಾಸ ಬರೆದುಕೊಡುವುದು, ಇವುಗಳಿಂದ ಬರುವ ಹಣ ಕಡತಗಳ ನಕಲು ಶುಲ್ಕಕ್ಕೂ ಪುಸ್ತಕಗಳಿಗೂ ಸರಿಹೋಗುತ್ತದೆ. ಮನೆ ನಡೆದದ್ದು ನನ್ನ ಪತ್ನಿಯ ಶಿಕ್ಷಕ ವೃತ್ತಿಯಿಂದ. ಇದನ್ನು ಸಭೆಯಲ್ಲಿ ಹೇಳದೆ ಬಿಟ್ಟರೆ ಸ್ವತಂತ್ರ ಸಂಶೋಧನೆಯ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ.

ಸ್ಮರಣ ಸಂಚಿಕೆಯ ಕೆಲಸದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಕನ್ನಡಿಗರು ಈ ನಗರದಲ್ಲಿ ನಡೆಸಿದ ರಾತ್ರಿ ಶಾಲೆಗಳ ವಿಷಯ ನಿಮಗೆ ಗೊತ್ತು. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರು ಆ ಬೆಂಚುಗಳಲ್ಲಿ ಕುಳಿತವರು. ಅಂಥ ಒಂದು ಶಾಲೆಯ ಚರಿತ್ರೆ ಬರೆಯುವಾಗ ಅದು ಆರಂಭವಾದ ವರ್ಷವನ್ನು ಮೂರು ಹಳೆಯ ಸಂಚಿಕೆಗಳಲ್ಲಿ ನೋಡಿದೆ. ಮೂರರಲ್ಲಿಯೂ ಒಂದೇ ಇಸವಿಯಿತ್ತು. ಮೂರು ಸಾಕ್ಷಿ ಸಿಕ್ಕಿದ ಮೇಲೆ ಇನ್ನೇನು ಎಂದು ಹಾಗೆಯೇ ಬರೆದೆ. ಪುಸ್ತಕ ಬಿಡುಗಡೆಯಾದ ಮರುವರ್ಷ, ಶಾಲೆಯ ಮೊದಲ ಶಿಕ್ಷಕರೊಬ್ಬರ ಮೊಮ್ಮಗಳು ತಮ್ಮ ಅಜ್ಜನ ಹಾಜರಿ ಪುಸ್ತಕವನ್ನು ತಂದು ತೋರಿಸಿದರು. ಶಾಲೆ ನಾನು ಬರೆದುದಕ್ಕಿಂತ ಎರಡು ವರ್ಷ ಮೊದಲೇ ನಡೆಯುತ್ತಿತ್ತು. ಮೊದಲ ಸಂಚಿಕೆಯವರು ಸಂಘ ನೋಂದಣಿಯಾದ ವರ್ಷವನ್ನು ಶಾಲೆಯ ಆರಂಭವೆಂದು ಬರೆದಿದ್ದರು. ಎರಡನೆಯವರು ಅದನ್ನು ನೋಡಿ ಬರೆದರು, ಮೂರನೆಯವರು ಎರಡನೆಯದನ್ನು ನೋಡಿದರು, ನಾನು ನಾಲ್ಕನೆಯವನು. ಆ ಎರಡು ವರ್ಷ, ನೋಂದಣಿ ಇಲ್ಲದೆ, ಯಾರದೋ ಖೋಲಿಯಲ್ಲಿ, ಹೋಟೆಲು ಮುಚ್ಚಿದ ಮೇಲೆ ಲಾಟೀನಿನ ಬೆಳಕಿನಲ್ಲಿ ಪಾಠ ಹೇಳಿದ ಆ ಶಿಕ್ಷಕರ ದುಡಿಮೆಯನ್ನು ನಾನು ಅಳಿಸಿಹಾಕಿದ್ದೆ. ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿದೆ. ಆದರೂ ಪುಸ್ತಕ ಓದಿದವರೆಲ್ಲ ತಿದ್ದುಪಡಿಯನ್ನು ಓದಿರುವುದಿಲ್ಲ; ಆ ತಪ್ಪು ಇಸವಿ ಈಗಲೂ ಭಾಷಣಗಳಲ್ಲಿ ಕೇಳಿಬರುತ್ತದೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಇನ್ನೊಂದು ಸಂಘದವರು, ತಮ್ಮಲ್ಲಿ ಹಿಂದೆ ಆದ ಒಡಕಿನ ಪ್ರಕರಣವನ್ನು ಕೈಬಿಡಬೇಕೆಂದು ಕೇಳಿದರು. ನಡಾವಳಿ ಪುಸ್ತಕದಲ್ಲಿ ಎರಡೂ ಪಕ್ಷದ ಮಾತು ಸ್ಪಷ್ಟವಾಗಿ ದಾಖಲಾಗಿತ್ತು. ಹೆಸರುಗಳನ್ನು ಬಿಡಬಹುದು, ಪ್ರಕರಣವನ್ನು ಬಿಡಲಾಗದು ಎಂದೆ. ಅವರು ಬೇರೆಯವರಿಂದ ಬರೆಸಿಕೊಂಡರು.

ಹಾಜರಿ ಪುಸ್ತಕದ ಆ ಪ್ರಸಂಗದ ನಂತರ ನನ್ನ ಕೆಲಸದ ಅರ್ಧ ಭಾಗ ಮನೆಗಳ ಟ್ರಂಕುಗಳ ಕಡೆಗೆ ತಿರುಗಿತು. ಸರ್ಕಾರದ ಕಡತದಲ್ಲಿ ನಮ್ಮವರು ಕಂದಾಯ ಕೊಡಬೇಕಾದವರಾಗಿ, ಪ್ಲೇಗಿನ ರೋಗಿಗಳಾಗಿ, ಗಿರಣಿಯ ಹಾಜರಿ ಸಂಖ್ಯೆಯಾಗಿ ಬರುತ್ತಾರೆ. ಅವರ ಕೈಬರಹ ಇರುವುದು ಟ್ರಂಕುಗಳಲ್ಲಿ. ಚಾಳುಗಳು ಪುನರ್‌ನಿರ್ಮಾಣಕ್ಕೆ ಹೋಗುವಾಗ, ಬಾಡಿಗೆ ಮನೆಗೆ ಸಾಮಾನು ಸಾಗಿಸುವ ಆ ಎರಡು ದಿನಗಳಲ್ಲಿ, ರದ್ದಿಯವನಿಗೆ ಹೋಗುವುದೂ ಮೊದಲು ಅವೇ.

ಲಾಲ್‌ಬಾಗಿನ ಒಂದು ಮನೆಯಲ್ಲಿ, ಗಿರಣಿಯಲ್ಲಿ ದುಡಿದು ಈಗ ವಯಸ್ಸಾಗಿರುವ ಹಿರಿಯರೊಬ್ಬರು ನನಗೆ ಒಂದು ಕಟ್ಟು ಕೊಟ್ಟರು. ಅವರ ಇಚ್ಛೆಯಂತೆ ಹೆಸರು, ಊರು ಹೇಳುವುದಿಲ್ಲ. ಉಡುಪಿಯ ಕಡೆಯವರು ಎಂದರೆ ಸಾಕು. ಅದು ಮನಿ ಆರ್ಡರಿನ ಸ್ವೀಕೃತಿ ಚೀಟಿಗಳ ಕಟ್ಟು, ಇನ್ನೂರಕ್ಕೂ ಹೆಚ್ಚು. 1880ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಈ ಪದ್ಧತಿಯನ್ನು ಇಂದಿನ ಕಿರಿಯರು ಕಂಡಿಲ್ಲ. ಹಣ ಕಳಿಸುವವರು ಫಾರಂ ತುಂಬುತ್ತಿದ್ದರು. ಅದರ ಕೂಪನ್ ಭಾಗದಲ್ಲಿ ಎರಡು ಸಾಲು ಕ್ಷೇಮ ಸಮಾಚಾರ ಬರೆಯಬಹುದಿತ್ತು. ಊರಿನಲ್ಲಿ ಪೋಸ್ಟ್‌ಮ್ಯಾನ್ ಹಣದೊಂದಿಗೆ ಆ ಕೂಪನನ್ನು ಕೊಡುತ್ತಿದ್ದ, ಹಣ ಪಡೆದವರ ರುಜು ಇರುವ ಸ್ವೀಕೃತಿ ಕಳಿಸಿದವರಿಗೆ ಹಿಂದಿರುಗುತ್ತಿತ್ತು. ಆ ಕಟ್ಟಿನಲ್ಲಿ ಚೀಟಿಯ ಮೇಲೆ ಚೀಟಿಯಾಗಿ ಇದ್ದದ್ದು ತಾಯಿಯ ಎಡಗೈ ಹೆಬ್ಬೆಟ್ಟಿನ ಗುರುತು. ಕೆಲವು ಗುರುತುಗಳಲ್ಲಿ ಗೆರೆಗಳು ಸ್ಪಷ್ಟ. ಜೂನ್, ಜುಲೈ ಚೀಟಿಗಳಲ್ಲಿ ಮಾತ್ರ ಶಾಯಿ ಹರಡಿ ಗೆರೆಗಳು ಕಲಸಿಹೋಗಿವೆ. ಮಳೆಯಲ್ಲಿ ನೆನೆದ ಕಾಗದವೋ, ನಾಟಿ ಬಿಟ್ಟು ಗದ್ದೆಯಿಂದ ಎದ್ದುಬಂದ ಒದ್ದೆ ಕೈಯೋ ಹೇಳಲಾಗದು. ಪ್ರತಿ ಗುರುತಿನ ಪಕ್ಕದಲ್ಲಿ ಸಾಕ್ಷಿಯೊಬ್ಬರ ರುಜು ಇದೆ.

ಕಟ್ಟನ್ನು ತಿಂಗಳ ಕ್ರಮದಲ್ಲಿ ಜೋಡಿಸಿದಾಗ 1982ರ ಏಪ್ರಿಲ್‌ನಿಂದ ಮುಂದಕ್ಕೆ ಹಲವು ತಿಂಗಳ ಚೀಟಿಗಳಿರಲಿಲ್ಲ. ಆ ವರ್ಷ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಅದರಲ್ಲಿದ್ದರು. ಸಂಬಳ ನಿಂತಿತು, ಊರಿಗೆ ಹಣ ಹೋಗಲಿಲ್ಲ, ತಾಯಿ ಕಷ್ಟಪಟ್ಟರು ಎಂದು ನನ್ನ ಮನಸ್ಸು ಆಗಲೇ ಒಂದು ಪ್ಯಾರಾ ಬರೆದು ಮುಗಿಸಿತ್ತು. ಆದರೂ ಅವರನ್ನು ಕೇಳಿದೆ. "ಆಗ ನಾನು ಊರಲ್ಲೇ ಇದ್ದೆನಲ್ಲ, ಅಮ್ಮನ ಜೊತೆಯಲ್ಲಿ. ಹತ್ತು ತಿಂಗಳು ಗದ್ದೆ ಕೆಲಸ ಮಾಡಿದೆ. ಇನ್ನು ಮನಿ ಆರ್ಡರ್ ಯಾರಿಗೆ?" ಎಂದರು. ಚೀಟಿಗಳಿಲ್ಲದ ಆ ತಿಂಗಳುಗಳು, ಇಪ್ಪತ್ತು ವರ್ಷಗಳಲ್ಲಿ ಆ ತಾಯಿ ಮಗನ ಜೊತೆ ಒಂದೇ ಮನೆಯಲ್ಲಿದ್ದ ದೀರ್ಘ ಕಾಲವಾಗಿದ್ದವು. ಮುಷ್ಕರದ ಕಷ್ಟ ಅವರಿಗೂ ಇತ್ತು, ಸಾಲವೂ ಆಯಿತು. ಆದರೆ ನಾನು ಬರೆಯಲಿದ್ದ ಪ್ಯಾರಾ ಅವರ ಬದುಕಿನದಾಗಿರುತ್ತಿರಲಿಲ್ಲ.

ಅದೇ ಕಟ್ಟಿನಲ್ಲಿ ನನಗೆ ಇನ್ನೂ ಬಿಡಿಸಲಾಗದ ಒಂದು ಸಂಗತಿಯಿದೆ. 1991ರ ನಡುವಿನಿಂದ ಹೆಬ್ಬೆಟ್ಟಿನ ಗುರುತು ಮಾಯವಾಗುತ್ತದೆ. ಅದರ ಜಾಗದಲ್ಲಿ ಕನ್ನಡದಲ್ಲಿ ಮೂರಕ್ಷರದ ರುಜು, ಮೊದಲ ಚೀಟಿಗಳಲ್ಲಿ ಅಕ್ಷರಗಳು ದೊಡ್ಡದಾಗಿ ಬಿಡಿಬಿಡಿಯಾಗಿ, ವರ್ಷ ಕಳೆದಂತೆ ಚಿಕ್ಕದಾಗಿ ಹತ್ತಿರ ಹತ್ತಿರವಾಗಿ. ಆ ಚೀಟಿಗಳಲ್ಲಿ ಸಾಕ್ಷಿಯ ರುಜುವೂ ಇಲ್ಲ. ಆದ್ದರಿಂದ ರುಜು ಹಾಕಿದವರು ಹಣ ಪಡೆದ ತಾಯಿಯೇ ಇರಬೇಕು. ಮನೆಮಾತು ತುಳು, ಬರೆದದ್ದು ಕನ್ನಡದಲ್ಲಿ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದದ್ದು 1988ರಲ್ಲಿ, ಅದರ ನಂತರದ ವರ್ಷಗಳಲ್ಲಿ ಊರೂರಿನಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ತರಗತಿಗಳು ನಡೆದವು. ಅಲ್ಲಿ ಕಲಿತರೋ, ಶಾಲೆಗೆ ಹೋಗುತ್ತಿದ್ದ ಮೊಮ್ಮಕ್ಕಳು ಕಲಿಸಿದರೋ, ಕಾಲ ಹೊಂದಿಕೊಂಡ ಮಾತ್ರಕ್ಕೆ ನಾನು ಒಂದನ್ನು ಆರಿಸುವಂತಿಲ್ಲ. ಮಗನಿಗೆ ಗೊತ್ತಿಲ್ಲ. ಚೀಟಿ ಬಂದರೆ ಹಣ ಮುಟ್ಟಿತೆಂದು ಕಟ್ಟಿಗೆ ಸೇರಿಸುತ್ತಿದ್ದರಂತೆ, ರುಜು ಬದಲಾದದ್ದನ್ನು ಅವರು ಮೊದಲ ಬಾರಿಗೆ ನೋಡಿದ್ದು ನನ್ನ ಮೇಜಿನ ಮೇಲೆ. ಬಹಳ ಹೊತ್ತು ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಊರಿನ ಮನೆಯಲ್ಲಿರುವ ಅವರ ತಂಗಿ, ಅಣ್ಣ ಕಳಿಸಿದ ಕೂಪನ್‌ಗಳನ್ನು ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರೆಂದೂ ಡಬ್ಬಿ ಇನ್ನೂ ಅಟ್ಟದ ಮೇಲಿರಬಹುದೆಂದೂ ಫೋನಿನಲ್ಲಿ ಹೇಳಿದ್ದಾರೆ. ಮಳೆ ನಿಂತ ಮೇಲೆ ಮತ್ಸ್ಯಗಂಧ ರೈಲಿನಲ್ಲಿ ಹೋಗಿ ನೋಡಿಬರುತ್ತೇನೆ.